ಬರೆದ ಮೇಲಿನ ಕೆಲಸ

ಕೊಡಗಿನ ಗೌರಮ್ಮನವರು ತಮ್ಮ ಮೊದಲನೆಯ ಪುಸ್ತಕವನ್ನು ಕಣ್ಣಾರೆ ಕಾಣಲಿಲ್ಲ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, ಮದುವೆಯಾದ ಮೇಲೆ ಸುಂಟಿಕೊಪ್ಪದ ಬಳಿಯ ಕಾಫಿ ತೋಟದಲ್ಲಿ ಸಂಸಾರ ಹೂಡಿದ್ದ ಆ ತರುಣಿ 1939ನೆಯ ಇಸವಿಯ ಏಪ್ರಿಲ್ 13ರಂದು ಈಜಲು ಹೋಗಿ ನೀರಿನ ಪಾಲಾದಾಗ ಆಕೆಗೆ ಇಪ್ಪತ್ತೇಳು ವರ್ಷ. ‘ಕಂಬನಿ’ ಎಂಬ ಕಥಾಸಂಗ್ರಹ ಪ್ರಕಟವಾದದ್ದು ಅದಾದ ಮೇಲೆ. ‘ಚಿಗುರು’ ಅದಕ್ಕಿಂತಲೂ ತಡವಾಗಿ. ಹೊಸ ಪುಸ್ತಕದ ಕಟ್ಟು ಬಿಚ್ಚಿ, ಅಚ್ಚಿನ ಮಸಿಯ ವಾಸನೆಯನ್ನು ಮೂಸಿ, ಮೊದಲ ಪುಟದಲ್ಲಿಯೇ ಒಂದು ಅಚ್ಚಿನ ತಪ್ಪು ಕಂಡು ಮನಸ್ಸು ಮುದುಡಿಕೊಳ್ಳುವ ಸುಖದುಃಖವೂ ಆಕೆಗೆ ದೊರೆಯಲಿಲ್ಲ.

ಬದುಕಿದ್ದಷ್ಟು ಕಾಲ ಆಕೆಯ ಕಥೆಗಳು ‘ಜಯ ಕರ್ನಾಟಕ’ ಮೊದಲಾದ ಪತ್ರಿಕೆಗಳಲ್ಲಿ ಬರುತ್ತಿದ್ದುವು. ಕೆಳಗೆ ಇರುತ್ತಿದ್ದ ಅಂಕಿತ ‘ಮಿಸೆಸ್ ಬಿ. ಟಿ. ಜಿ. ಕೃಷ್ಣ’ ಎಂದು. ಬಾಲವಿಧವೆಯ ಬಾಳು, ಮದುವೆಯ ಮಾತುಕತೆಯಲ್ಲಿ ಹೆಣ್ಣಿನ ಬೆಲೆ, ಗಂಡಸಿನ ತಪ್ಪಿಗೆ ಹೆಂಗಸು ತೆರುವ ದಂಡ, ಇಂತಹವನ್ನೇ ಕುರಿತು ನಿರ್ದಾಕ್ಷಿಣ್ಯವಾಗಿ ಬರೆದ ಲೇಖನಿಗೆ ಪತಿಯ ಹೆಸರಿನ ಮರೆ. ಇದನ್ನು ಸಂಕೋಚವೆಂದು ತಿಳಿಯುವವರು 1934ರ ಫೆಬ್ರವರಿಯನ್ನು ನೆನೆಯಬೇಕು. ಮಹಾತ್ಮರು ಹರಿಜನ ನಿಧಿಗಾಗಿ ಕೊಡಗಿಗೆ ಬಂದಾಗ, ತನ್ನ ಮನೆಗೂ ಬರಲೇಬೇಕೆಂದು ಉಪವಾಸ ಹಿಡಿದು, ಅವರನ್ನು ಕರೆಯಿಸಿಕೊಂಡು, ಮೈಮೇಲಿನ ಒಡವೆಗಳನ್ನು ತೆಗೆದು ನಿಧಿಗೆ ಒಪ್ಪಿಸಿದವರು ಈ ಗೌರಮ್ಮನವರೇ. ಮತ್ತೊಂದು ಕಾರ್ಯಕ್ಕಾಗಿ ಹಟ ಹಿಡಿಯಬಲ್ಲ ಹೆಂಗಸು ತನ್ನ ಹೆಸರಿಗಾಗಿ ಹಟ ಹಿಡಿಯಲಿಲ್ಲ, ಅಷ್ಟೆ.

ಹೆಸರಿನ ಕೆಲಸವನ್ನು ಬೇರೆಯವರು ಮಾಡಿದರು. ಧಾರವಾಡದಲ್ಲಿದ್ದ ಬೇಂದ್ರೆಯವರು ಆಕೆಯನ್ನು ಒಡಹುಟ್ಟಿದವಳೆಂದೇ ಎಣಿಸಿದ್ದರು. ಆಕೆ ತೀರಿಕೊಂಡ ಮೇಲೆ ‘ತಂಗಿ ಗೌರಮ್ಮ’ ಎಂಬ ಕವಿತೆಯನ್ನು ಬರೆದರು. ಕೊಡಗಿನ ಬೆಟ್ಟಗಳ ನಡುವಿನ ತೋಟದ ಮನೆಯೊಂದರ ಕಥೆಗಾರ್ತಿಯನ್ನು ಉತ್ತರ ಕರ್ನಾಟಕದ ವಾಚಕರು ಬಲ್ಲವರಾದುದು ಮಾಸಪತ್ರಿಕೆಗಳಿಂದ, ಟಪಾಲಿನಿಂದ, ಇಂತಹ ಸ್ನೇಹದಿಂದ. 1932ರಲ್ಲಿ ಡಿ. ವಿ. ಗುಂಡಪ್ಪನವರ ಅಧ್ಯಕ್ಷತೆಯ ಸಾಹಿತ್ಯ ಸಮ್ಮೇಳನ ಮಡಿಕೇರಿಗೇ ಬಂದಿತ್ತು, ನಿಜ. ಆದರೆ ಮಡಿಕೇರಿಗೆ ಮತ್ತೆ ಆ ಭಾಗ್ಯ ದೊರೆತದ್ದು 1981ರಲ್ಲಿ, ಶಂ. ಬಾ. ಜೋಶಿಯವರು ಅಧ್ಯಕ್ಷರಾಗಿದ್ದಾಗ, ಆಮೇಲೆ 2014ರಲ್ಲಿ, ಮಕ್ಕಳಿಗಾಗಿಯೂ ಬಹಳ ಬರೆದ ನಾ. ಡಿಸೋಜರು ಅಧ್ಯಕ್ಷರಾಗಿದ್ದಾಗ. ಅರ್ಧ ಶತಮಾನಕ್ಕೊಮ್ಮೆ ಊರಿಗೆ ಬರುವ ಹಬ್ಬವನ್ನು ನಂಬಿ ಯಾವ ಲೇಖಕಿಯೂ ಬಾಳಲಾರಳು.

ಹಾಗೆಂದು ಆ ಕಾಲದ ಲೇಖಕರೆಲ್ಲ ಬರೆದಿಟ್ಟು ಸುಮ್ಮನೆ ಕುಳಿತಿದ್ದರೆಂದು ತಿಳಿಯಬಾರದು. ಗಳಗನಾಥರು ತಮ್ಮ ಕಾದಂಬರಿಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಸಂಗತಿಯನ್ನು ಕನ್ನಡಿಗರು ಇಂದಿಗೂ ಭಕ್ತಿಯಿಂದ ಹೇಳುತ್ತಾರೆ. ಭಕ್ತಿಯಿಂದ ಹೇಳುವುದು ಸುಲಭ. ಹೊತ್ತ ಭುಜಕ್ಕೆ ನೋವಾಗಿರಬೇಕು. ಕೊಳ್ಳದೆ ಬಾಗಿಲು ಮುಚ್ಚಿಕೊಂಡ ಮನೆಗಳೂ ಇದ್ದಿರಬೇಕು. ಅವರು ನಡೆದ ದಿನಗಳಲ್ಲಿ ಎಷ್ಟು ಪ್ರಕರಣಗಳು ಬರೆಯದೆ ಉಳಿದುವೋ, ಆ ಲೆಕ್ಕವನ್ನು ಮಾತ್ರ ಯಾರೂ ಕೇಳುವುದಿಲ್ಲ.

ಇಂದಿನ ಕೊಡಗಿನ ತರುಣ ಲೇಖಕಿಯ ಬಾಳಿನಲ್ಲಿ ಈ ಲೆಕ್ಕ ಪ್ರತಿವರುಷ ಎದುರಾಗುತ್ತದೆ. ಆಕೆಗೆ ಇಪ್ಪತ್ತೈದೋ ಮೂವತ್ತೋ ವಯಸ್ಸು. ಒಂದು ಪುಸ್ತಕ ಪ್ರಕಟವಾಗಿದೆ, ಎರಡನೆಯದು ಅರ್ಧಕ್ಕೆ ನಿಂತಿದೆ. ಪ್ರಕಾಶಕರು ಒಳ್ಳೆಯವರು, ಆದರೆ ಸಾವಿರ ಪ್ರತಿ ಅಚ್ಚುಹಾಕುವುದಕ್ಕೇ ಅಂಜುವವರು, ಸಂಭಾವನೆಯ ಬದಲು ಕೆಲವು ಪ್ರತಿಗಳನ್ನೇ ಕಟ್ಟಿ ಕಳುಹಿಸುವವರು. “ಬಿಡುಗಡೆಗೆ ತಾವು ಬರಬೇಕು, ನಾಲ್ಕು ಮಾತನಾಡಬೇಕು, ಫೇಸ್‌ಬುಕ್ಕಿನಲ್ಲಿ ಹಾಕಬೇಕು” ಎಂದು ಅವರು ಕೇಳಿದರೆ ಅದರಲ್ಲಿ ಅನ್ಯಾಯವೇನೂ ಇಲ್ಲ. ಬಿಡುಗಡೆ ಬೆಂಗಳೂರಿನಲ್ಲಿ, ಭಾನುವಾರ ಬೆಳಿಗ್ಗೆ, ಇಡ್ಲಿ ವಡೆಯ ಉಪಾಹಾರದ ತರುವಾಯ. ಕೊಡಗಿಗೆ ರೈಲು ಇಲ್ಲ. ಮೈಸೂರಿನವರೆಗೇ ಸುಮಾರು 120 ಕಿಲೋಮೀಟರು ಘಟ್ಟದ ಹಾದಿಯ ಬಸ್ಸು. ಶನಿವಾರ ರಾತ್ರಿ ಹೊರಟು, ನಿದ್ದೆಗೆಟ್ಟ ಕಣ್ಣಿನಿಂದ ವೇದಿಕೆಯ ಮೇಲೆ ಕುಳಿತು, ಪುಸ್ತಕವನ್ನು ಓದಿಲ್ಲದ ಅತಿಥಿಗಳೊಬ್ಬರು ಅದರ ವಿಷಯವಾಗಿ ಮುಕ್ಕಾಲು ಗಂಟೆ ಮಾತನಾಡುವುದನ್ನು ಕೇಳಿ, ಹತ್ತಿಪ್ಪತ್ತು ಪ್ರತಿಗಳಿಗೆ ರುಜು ಹಾಕಿ, ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಮನೆ ಸೇರಬೇಕು. ಪುಸ್ತಕವನ್ನು ಓದಿ ಬಂದು ಮಾತನಾಡುವ ಅತಿಥಿಗಳೂ ಉಂಟು. ಅವರಿಗೆ ನಮಸ್ಕಾರ.

ಹೊರಗಿನವರಿಗೆ ತಿಳಿಯದ ತೊಡಕೊಂದು ಕೊಡಗಿನಲ್ಲಿದೆ. ಸಾಹಿತ್ಯೋತ್ಸವಗಳ ಕಾಲವೂ ಕಾಫಿ ಕೊಯ್ಲಿನ ಕಾಲವೂ ಒಂದೇ. ಬೆಂಗಳೂರಿನ ಉತ್ಸವ ಡಿಸೆಂಬರಿನ ಸುಮಾರಿಗೆ, ಜಯಪುರದ್ದು ಜನವರಿಯಲ್ಲಿ, ಧಾರವಾಡದ ಸಾಹಿತ್ಯ ಸಂಭ್ರಮವೂ ಜನವರಿಯಲ್ಲಿಯೇ ಆರಂಭವಾದುದು. ಹುತ್ತರಿ ಮುಗಿಯುವಷ್ಟರಲ್ಲಿ ತೋಟದಲ್ಲಿ ಅರಾಬಿಕಾ ಹಣ್ಣು ಕೆಂಪಾಗಿ ನಿಂತಿರುತ್ತದೆ. ಅದರ ಬೆನ್ನಿಗೇ ರೊಬಸ್ಟಾ. ಕೊಯ್ಲಿನ ಆಳುಗಳು ಸಿಕ್ಕಿದ ದಿನವೇ ಸುಗ್ಗಿ. ಕಣದಲ್ಲಿ ಹರಡಿದ ಕಾಫಿಯನ್ನು ಕೈಯಾಡಿಸಬೇಕು, ತೂಕ ಬರೆಯಬೇಕು, ವಾರದ ಬಟವಾಡೆ ಮಾಡಬೇಕು. ಅಂತಹ ವಾರದಲ್ಲಿ ಸೊಸೆ ಪೆಟ್ಟಿಗೆ ಹಿಡಿದು ಜಗುಲಿಗೆ ಬಂದರೆ, ಅತ್ತೆ ಗದರುವುದಿಲ್ಲ, “ಈ ವಾರವೂ ಹೋಗಬೇಕೇನಮ್ಮ?” ಎಂದು ಮೆಲ್ಲಗೆ ಕೇಳುತ್ತಾರೆ. ಗದರಿದ್ದರೆ ಉತ್ತರ ಹೇಳುವುದು ಸುಲಭವಾಗುತ್ತಿತ್ತು.

ಇನ್ನು ಬರೆಯುವುದು ಯಾವಾಗ? ಮಳೆಗಾಲದಲ್ಲಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಹೊರಗೆ ಹೋಗುವಂತಿಲ್ಲ, ಯಾರೂ ಬರುವಂತಿಲ್ಲ. ಆದರೆ ದೀಪಾವಳಿ ವಿಶೇಷಾಂಕಗಳ ವಾಯಿದೆಯೂ ಕಥಾಸ್ಪರ್ಧೆಗಳ ವಾಯಿದೆಯೂ ಆ ತಿಂಗಳುಗಳಲ್ಲಿಯೇ ಬಂದು ನಿಲ್ಲುತ್ತವೆ. ಕಾದಂಬರಿಯನ್ನು ಮುಂದುವರಿಸಬೇಕೆಂದು ಕುಳಿತವಳು ಅದನ್ನು ಬದಿಗಿಟ್ಟು ಎರಡು ಸಾವಿರ ಪದಗಳ ಕಥೆಯೊಂದನ್ನು ಹೊಸೆಯುತ್ತಾಳೆ. ಮರ ಬಿದ್ದು ಮೂರು ದಿನ ವಿದ್ಯುತ್ತು ಇರುವುದಿಲ್ಲ. ಕಥೆ ಕಂಪ್ಯೂಟರಿನೊಳಗೆ ಸಿಕ್ಕಿಕೊಂಡಿರುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದು ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ರಸ್ತೆಯೇ ಕೊಚ್ಚಿಹೋದಾಗ, ಕೊಡಗಿನಲ್ಲಿ ಮನೆ ಕಳೆದುಕೊಂಡವರ ಮುಂದೆ ವಾಯಿದೆಯ ಮಾತನ್ನು ಎತ್ತುವುದೂ ನಾಚಿಕೆಯಾಗಿತ್ತು.

ಆದಕಾರಣ ಉತ್ಸವಗಳನ್ನು ತೊರೆಯಬೇಕೆಂದು ಕೆಲವು ಹಿರಿಯರು ಬುದ್ಧಿ ಹೇಳುತ್ತಾರೆ. ಅವರಲ್ಲಿ ಬಹುಮಂದಿ ತಮ್ಮ ಪಾಲಿನ ಉತ್ಸವಗಳನ್ನು ಮುಗಿಸಿಕೊಂಡವರು. ತೋಟದ ಒಂಟಿಮನೆಯಲ್ಲಿ ಬರೆಯುವವಳಿಗೆ, ಗುರುತಿಲ್ಲದ ಕಾಲೇಜು ಹುಡುಗಿಯೊಬ್ಬಳು ಎದುರಿಗೆ ಬಂದು, “ಆ ಕಥೆಯ ಅಕ್ಕ ಕೊನೆಗೆ ಏನಾದಳು ಮೇಡಂ?” ಎಂದು ಕೇಳುವ ಒಂದು ಕ್ಷಣ ಎಷ್ಟು ದೊಡ್ಡದೆಂಬುದನ್ನು ಊರ ನಡುವೆ ಇರುವವರು ಅರಿಯರು. ಗೌರಮ್ಮನವರಿಗೆ ಆ ಕ್ಷಣ ಕಾಗದದ ಮೂಲಕ ಮಾತ್ರ ಬರಬಹುದಾಗಿತ್ತು.

ಇಷ್ಟಾಗಿಯೂ ಪುಸ್ತಕವು ಯಾರ ಕಾಲಿನಿಂದ ನಡೆದೀತೆಂದು ಮುಂಚಿತವಾಗಿ ಹೇಳಲಾಗದು. ಗೌರಮ್ಮನವರ ಕಥೆಗಳನ್ನು 2023ರಲ್ಲಿ ‘ಫೇಟ್ಸ್ ಗೇಮ್’ ಎಂಬ ಹೆಸರಿನಿಂದ ಇಂಗ್ಲಿಷಿಗೆ ತಂದವರು ಮಡಿಕೇರಿಯ ದೀಪಾ ಭಾಸ್ತಿಯವರು. ಲೇಖಕಿ ತೀರಿಕೊಂಡು ಎಂಬತ್ತನಾಲ್ಕು ವರ್ಷಗಳಾಗಿದ್ದುವು. ತನ್ನ ಪುಸ್ತಕಕ್ಕಾಗಿ ಒಂದು ಹೆಜ್ಜೆಯನ್ನೂ ಇಡಲಾರದವಳ ಪರವಾಗಿ ಅದೇ ಊರಿನ ಇನ್ನೊಬ್ಬ ಹೆಣ್ಣುಮಗಳು ದುಡಿದಳು. ಎರಡು ವರ್ಷಗಳ ತರುವಾಯ, 2025ರ ಮೇ 20ರಂದು, ಹಾಸನದ ಬಾನು ಮುಷ್ತಾಕರ ಹನ್ನೆರಡು ಕಥೆಗಳನ್ನು ಅವರು ‘ಹಾರ್ಟ್ ಲ್ಯಾಂಪ್’ ಎಂದು ಅನುವಾದಿಸಿದ ಪುಸ್ತಕಕ್ಕೆ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಂದಿತು. ಐವತ್ತು ಸಾವಿರ ಪೌಂಡು ಮೂಲ ಲೇಖಕಿಗೂ ಅನುವಾದಕಿಗೂ ಸಮಪಾಲು. ಹಣದೊಡನೆ ಪ್ರಯಾಣವೂ ಸಮಪಾಲಾಯಿತೆನ್ನಬೇಕು. ಫೆಬ್ರವರಿಯಲ್ಲಿ ಹದಿಮೂರು ಪುಸ್ತಕಗಳ ಪಟ್ಟಿ, ಏಪ್ರಿಲಿನಲ್ಲಿ ಆರರ ಪಟ್ಟಿ, ಮೇ ತಿಂಗಳಲ್ಲಿ ಬಹುಮಾನ. ಅನಂತರ ಸನ್ಮಾನಗಳ ಸಾಲು. ಬಾನು ಅವರು ಆ ವರ್ಷದ ಸೆಪ್ಟೆಂಬರಿನಲ್ಲಿ ಮೈಸೂರಿನ ದಸರಾ ಉತ್ಸವವನ್ನೇ ಉದ್ಘಾಟಿಸಿದರು. ಮೂರು ದಶಕಗಳಿಗೂ ಮಿಕ್ಕಿ ವಕೀಲಿಯ ನಡುವೆ, ಸಂಸಾರದ ನಡುವೆ, ಬಿಡುವು ಕದ್ದು ಬರೆದ ಕಥೆಗಳಿಗೆ ಒಂದೇ ವರ್ಷದಲ್ಲಿ ಇಷ್ಟು ವೇದಿಕೆಗಳು.

ಕೊಡಗಿನಲ್ಲಿ ಈಗ ಗೌರಮ್ಮನವರ ಹೆಸರಿನಲ್ಲಿಯೇ ಒಂದು ದತ್ತಿ ಪ್ರಶಸ್ತಿ ಇದೆ. ಜಿಲ್ಲೆಯ ಲೇಖಕಿಯರ ಪುಸ್ತಕಕ್ಕೆ ಜಿಲ್ಲಾ ಕನ್ನಡ ಸಾಹಿತ್ಯ ಪರಿಷತ್ತು ಕೊಡುತ್ತದೆ. ಪ್ರಶಸ್ತಿ ಪಡೆದವಳು ಶಾಲು ಹೊದ್ದು, ಹಾರ ತೆಗೆದಿಟ್ಟು, ನಾಲ್ಕು ಮಾತು ಆಡಬೇಕು. ಸಭೆ ಹೇಗಿದ್ದರೂ ಅರ್ಧ ಗಂಟೆ ತಡವಾಗಿಯೇ ಮೊದಲಾಗುವುದು. ಆಕೆ ಗೌರಮ್ಮನವರ ಹೆಸರನ್ನು ಒಮ್ಮೆ ಎತ್ತಿ, ತನ್ನ ಎರಡನೆಯ ಪುಸ್ತಕ ಬೇಗನೆ ಬರುತ್ತದೆಂದು ಹೇಳಿ, ಕೈಗಡಿಯಾರವನ್ನು ನೋಡಿಕೊಳ್ಳುತ್ತಾಳೆ. ತೋಟದ ಕಡೆಗೆ ಹೋಗುವ ಕಡೆಯ ಬಸ್ಸು ಹೊರಡುವುದಕ್ಕೆ ಇನ್ನು ಇಪ್ಪತ್ತು ನಿಮಿಷ. ಮಾರದೆ ಉಳಿದ ಪ್ರತಿಗಳ ಚೀಲ ವೇದಿಕೆಯ ಹಿಂದೆ ಇದೆ.