ಹೊಸ ಬೇರಿಂಗ್ ಮತ್ತೆ ಯಾಕೆ ಹೋಯಿತು?

ಕೊಪ್ಪಳದ ಗವಿಮಠದ ಜಾತ್ರೆ ಹತ್ತಿರ ಬಂತೆಂದರೆ ಹನುಮಸಾಗರದಂಥ ಊರುಗಳ ಟ್ರ್ಯಾಕ್ಟರ್ ಗ್ಯಾರೇಜುಗಳಿಗೆ ಕೈತುಂಬ ಕೆಲಸ. ದಾಸೋಹಕ್ಕೆ ರೊಟ್ಟಿ, ಕಾಳುಕಡಿ ಹೊತ್ತು ಹೊರಡಬೇಕಾದ ಟ್ರೇಲರುಗಳು ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಟ್ರೇಲರಿನಲ್ಲಿ ಜನರನ್ನು ಕೂರಿಸಬಾರದೆಂದು ಕಾನೂನು ಹೇಳಿದರೂ ಕಳೆ ತೆಗೆಯಲು ಹೋಗುವ ಹೆಣ್ಣುಮಕ್ಕಳು, ಮದುವೆಯ ಬೀಗರು, ಜಾತ್ರೆಗೆ ಹೊರಟ ಮಕ್ಕಳು ಅದರಲ್ಲೇ ಕೂತು ಹೋಗುವುದು ಎಲ್ಲರೂ ಕಂಡದ್ದೇ. ಅಷ್ಟೂ ಜನರ ಭಾರ ಕೊನೆಗೆ ಬಂದು ನಿಲ್ಲುವುದು ಗಾಲಿಯ ಹಬ್ಬಿನೊಳಗಿರುವ, ಅಂಗೈಯಲ್ಲಿ ಹಿಡಿಸುವಂಥ ಎರಡು ಬೇರಿಂಗುಗಳ ಮೇಲೆ. ಅದು ಒಡೆದು ಪುಡಿಯಾದರೆ ಗಾಲಿ ಅಚ್ಚು ಬಿಟ್ಟು ಹೊರಗೆ ಬರುತ್ತದೆ. ಓಡುವ ಟ್ರೇಲರಿನಿಂದ ಗಾಲಿ ಕಳಚಿದರೆ ಮುಂದಿನದನ್ನು ಹೇಳಬೇಕಿಲ್ಲ.

"ಯಣ್ಣಾ, ಗಾಲಿ ಬೇರಿಂಗ್ ಹೋಗೇತ್ರಿ."

"ಹೋದ ಸುಗ್ಗ್ಯಾಗ ಹೊಸಾದು ಹಾಕ್ಸೀನಲ್ಲೋ ತಮ್ಮಾ! ಡುಪ್ಲಿಕೇಟ್ ಮಾಲ್ ಇರಬೇಕದು."

ಇಂಥ ಮಾತು ಯಾವ ಗ್ಯಾರೇಜಿನಲ್ಲೂ ಕಿವಿಗೆ ಬೀಳುತ್ತದೆ. ನಕಲಿ ಮಾಲು ಪೇಟೆಯಲ್ಲಿ ಇಲ್ಲವೆಂದಲ್ಲ. ಆದರೆ ಬೇರಿಂಗ್ ತಾನಾಗಿ ಕೆಡುವುದಕ್ಕಿಂತ ಅದನ್ನು ಕೆಡಿಸುವುದೇ ಹೆಚ್ಚು. ಕೆಟ್ಟ ಕಾರಣವನ್ನು ಹಾಗೆಯೇ ಉಳಿಸಿ ಹೊಸದನ್ನು ಕೂರಿಸಿದರೆ ಅದಕ್ಕೂ ಹಳೆಯದರ ಗತಿಯೇ.

ಚಕ್ಕಡಿಯ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ಅಚ್ಚಿಗೆ ಕೀಲೆಣ್ಣೆ ಹಚ್ಚಿ, ಗಾಲಿ ಏರಿಸಿ, ಕಡಾಣಿ ಬಡಿದರೆ ಮುಗಿಯಿತು. ಲೋಹದ ಮೇಲೆ ಲೋಹ ಜಾರುತ್ತ ಸಾಗುತ್ತಿತ್ತು. ಆ ಘರ್ಷಣೆಯ ದಂಡವನ್ನು ಎತ್ತುಗಳು ಹೆಗಲಿನಿಂದ ತೆರುತ್ತಿದ್ದವು. ಜಾರುವುದರ ಬದಲು ಉರುಳುವಂತೆ ಮಾಡಿದರೆ ಈ ದಂಡ ತಪ್ಪೀತು ಎಂಬ ಉಪಾಯ ಗಾಡಿಯ ಅಚ್ಚಿಗೂ ಬಂತು. 1794ರಲ್ಲಿ ವೇಲ್ಸ್‌ನ ಫಿಲಿಪ್ ವಾನ್ ಎಂಬಾತ ಸಾರೋಟಿನ ಅಚ್ಚಿಗೆ ಗುಂಡುಗಳನ್ನು ಜೋಡಿಸುವ ಉಪಾಯಕ್ಕೆ ಪೇಟೆಂಟ್ ಪಡೆದ. 1898ರಲ್ಲಿ ಅಮೆರಿಕದ ಹೆನ್ರಿ ಟಿಮ್ಕೆನ್, ಆತ ಕುದುರೆ ಗಾಡಿ ಕಟ್ಟುವವನು, ಒಂದು ಕಡೆಗೆ ಸಣ್ಣಗಾಗುವ ಓರೆ ರೋಲರುಗಳ ಬೇರಿಂಗಿಗೆ ಪೇಟೆಂಟ್ ಪಡೆದ. ಗಾಡಿ ತಿರುವಿನಲ್ಲಿ ಹೊರಳುವಾಗ ಭಾರ ಮೇಲಿನಿಂದಷ್ಟೇ ಅಲ್ಲ, ಪಕ್ಕದಿಂದಲೂ ಬೀಳುತ್ತದೆ. ಓರೆಯಾಗಿ ಕೂತ ರೋಲರು ಎರಡನ್ನೂ ತಡೆದುಕೊಳ್ಳುತ್ತದೆ. ಟ್ರೇಲರಿನ ಹಬ್ಬಿನಲ್ಲಿ ಸಾಮಾನ್ಯವಾಗಿ ಇರುವುದು ಇಂಥವೇ ಎರಡು, ಒಳಗೊಂದು, ಹೊರಗೊಂದು.

ಇಂಥ ಗಟ್ಟಿ ಜೀವಕ್ಕೆ ಶತ್ರುಗಳು ಯಾರು? ಮೊದಲನೆಯದು ನೀರು. ಹತ್ತಾರು ಮೈಲಿ ಓಡಿ ಬಂದ ಟ್ರೇಲರನ್ನು ನೇರ ಹಳ್ಳಕ್ಕಿಳಿಸಿ ತೊಳೆಯುವ ರೂಢಿ ಎಲ್ಲ ಕಡೆ ಇದೆ. ಆಗ ಹಬ್ ಬಿಸಿಯಾಗಿರುತ್ತದೆ. ಒಳಗಿನ ಗಾಳಿಯೂ ಬಿಸಿ. ತಣ್ಣೀರು ತಗುಲಿದ ಕೂಡಲೇ ಆ ಗಾಳಿ ತಂಪಾಗಿ ಅದರ ಒತ್ತಡ ಇಳಿಯುತ್ತದೆ. 70 ಡಿಗ್ರಿ ಸೆಲ್ಸಿಯಸ್ ಎಂದರೆ 343 ಕೆಲ್ವಿನ್, 30 ಡಿಗ್ರಿ ಎಂದರೆ 303 ಕೆಲ್ವಿನ್. ಮುಚ್ಚಿದ ಜಾಗದಲ್ಲಿ ಒತ್ತಡ ಶೇಕಡಾ 12ರಷ್ಟು ಕಡಿಮೆಯಾಯಿತು ಎಂದಾಯಿತು. ಹೊರಗೆ ನೀರು, ಒಳಗೆ ಕಡಿಮೆ ಒತ್ತಡ, ನಡುವೆ ಸವೆದ ಒಂದು ರಬ್ಬರ್ ಸೀಲು. ಹಬ್ ನೀರನ್ನು ಕುಡಿದೇ ಬಿಡುತ್ತದೆ! ನೀರಿನ ಜೊತೆಗೆ ಸಣ್ಣ ಮರಳೂ ಒಳಗೆ ಹೋಗುತ್ತದೆ. ಗ್ರೀಸು ಬೆಳ್ಳಗೆ ಮಜ್ಜಿಗೆಯಂತಾಗುತ್ತದೆ, ರೋಲರಿಗೆ ತುಕ್ಕು ಹಿಡಿಯುತ್ತದೆ. ಅರ್ಧ ಗಂಟೆ ನೆರಳಲ್ಲಿ ನಿಲ್ಲಿಸಿ ಆಮೇಲೆ ತೊಳೆದಿದ್ದರೆ ಇಷ್ಟೂ ತಪ್ಪುತ್ತಿತ್ತು.

ಎರಡನೆಯದು ಅತಿಭಾರ. ಕುಷ್ಟಗಿ ಸೀಮೆಯಲ್ಲಿ ಕಲ್ಲು ಹೇರುವ ಟ್ರೇಲರುಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಭಾರ ಎರಡು ಪಟ್ಟಾದರೆ ಬೇರಿಂಗಿನ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂದು ಲೆಕ್ಕ ಹಾಕುವವರೇ ಹೆಚ್ಚು. ನಿಜವಾದ ಲೆಕ್ಕ ಬಹಳ ಕಠೋರ: ರೋಲರ್ ಬೇರಿಂಗಿನ ಆಯುಷ್ಯ ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ, ಗುಂಡಿನ ಬೇರಿಂಗಿನದು ಎಂಟರಲ್ಲೊಂದಕ್ಕೆ. ಒಂದು ಟ್ರಿಪ್ಪು ಉಳಿಸಿದ ದುಡ್ಡು ಹಬ್ಬಿನೊಳಗೆ ಹೀಗೆ ಖರ್ಚಾಗುತ್ತದೆ.

ಮೂರನೆಯ ಶತ್ರು ಸುತ್ತಿಗೆ, ಅದರಲ್ಲೂ ಅವಸರದವನ ಕೈಯಲ್ಲಿರುವ ಸುತ್ತಿಗೆ. ಬಲ್ಲ ಮಿಸ್ತ್ರಿಯ ಕೆಲಸ ನೋಡುವುದೇ ಒಂದು ಪಾಠ. ಟ್ರೇಲರ್ ಖಾಲಿ ಮಾಡಿಸುತ್ತಾನೆ, ಉಳಿದ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡುತ್ತಾನೆ, ಜಾಕಿನಿಂದ ಎತ್ತಿದ ಮೇಲೆ ಅಚ್ಚಿನ ಕೆಳಗೆ ಮರದ ದಿಮ್ಮಿ ಕೂರಿಸುತ್ತಾನೆ. ಬರೀ ಜಾಕನ್ನು ನಂಬಿ ಕೈಕಾಲು ಕಳೆದುಕೊಂಡವರಿದ್ದಾರೆ. ಆಮೇಲೆ ಟೈರನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸುತ್ತಾನೆ, ತಿರುಗಿಸಿ ಕಿವಿಗೊಡುತ್ತಾನೆ. ಗರಗರ ಎಂದರೆ ಬಿಚ್ಚಲೇಬೇಕು. ಕ್ಯಾಪು, ಸ್ಪ್ಲಿಟ್ ಪಿನ್, ನಟ್ಟು, ವಾಷರು ತೆಗೆದು ಹೊರಗಿನ ಬೇರಿಂಗನ್ನೂ, ಹಬ್ಬನ್ನು ಎಳೆದು ಒಳಗಿನದನ್ನೂ ಡೀಸೆಲಿನಲ್ಲಿ ತೊಳೆದಾಗ ರೋಗ ಕಣ್ಣಿಗೆ ಕಾಣುತ್ತದೆ. ನೀಲಿಗಟ್ಟಿದ್ದರೆ ಕಾವಿನಿಂದ ಸತ್ತದ್ದು, ಕೆಂಪು ಕಲೆ ಇದ್ದರೆ ನೀರಿನಿಂದ, ಸಮ ಅಂತರದಲ್ಲಿ ತಗ್ಗು ಬಿದ್ದಿದ್ದರೆ ಹೊಡೆತದಿಂದ. ತೊಳೆದ ಬೇರಿಂಗನ್ನು ಗಾಳಿಯ ಪೈಪು ಹಿಡಿದು ಗಿರಗಿರನೆ ತಿರುಗಿಸುವುದು ಹುಡುಗರಿಗೆ ಮೋಜು. ರೋಲರು ಸಿಡಿದರೆ ಕಣ್ಣು ಹೋಗುತ್ತದೆ.

ದುಡ್ಡು ಉಳಿಸಲು ಹೊಸ ಕೋನಿಗೆ ಹಳೆಯ ಕಪ್ಪನ್ನೇ ಇಟ್ಟುಕೊಳ್ಳುವವರಿದ್ದಾರೆ. ಹೊರಗಿನ ಬಳೆ ಕಪ್, ರೋಲರ್ ಸಮೇತ ಒಳಗಿನದು ಕೋನ್, ಇವು ಜೋಡಿ. ಹಳೆಯ ಕಪ್ಪಿನ ತಗ್ಗುಗಳು ಹೊಸ ರೋಲರನ್ನು ತಿಂದುಹಾಕುತ್ತವೆ. ಸೀಲೂ ಹೊಸದೇ ಬೇಕು. ಗ್ರೀಸನ್ನು ಅಂಗೈಯಲ್ಲಿಟ್ಟು ರೋಲರುಗಳ ಸಂದಿಗೆ ಒತ್ತಿ ತುಂಬಬೇಕು, ಆದರೆ ಹಬ್ಬಿನ ಪೊಳ್ಳನ್ನೆಲ್ಲ ತುರುಕಿ ತುಂಬಿದರೆ ಗ್ರೀಸು ಕಡೆದು ಕಡೆದು ಬಿಸಿಯಾಗುತ್ತದೆ. ಇನ್ನು ನಟ್ಟು. ಬಿಗಿಯಾದಷ್ಟೂ ಭದ್ರ ಎಂಬ ನಂಬಿಕೆ ಇಲ್ಲಿ ಸುಳ್ಳು. ಗಾಲಿ ತಿರುಗಿಸುತ್ತ ಬಿಗಿ ಮಾಡಿ, ರೋಲರು ಜಾಗಕ್ಕೆ ಕೂತ ಮೇಲೆ ತುಸು ಸಡಿಲಿಸಿ, ಹೊಸ ಪಿನ್ನು ಹಾಕಬೇಕು. ಸುಗ್ಗಿಯಲ್ಲಿ ಹಾಕಿದ ಹೊಸ ಬೇರಿಂಗ್ ಜಾತ್ರೆಗೆ ಮೊದಲೇ ಹೋಯಿತೆಂದರೆ ಈ ನಟ್ಟನ್ನೂ ಸೀಲನ್ನೂ ಮೊದಲು ವಿಚಾರಿಸುವುದು ಒಳ್ಳೆಯದು. ಅಂಗಡಿಯವನನ್ನು ಬೈಯುವುದು ಆಮೇಲಿನ ಮಾತು.

ಹೊರದೇಶಗಳಲ್ಲಿ ಹೊಲ ಗುಡ್ಡಗಳಲ್ಲಿ ಓಡುವ ನಾಲ್ಕು ದಪ್ಪ ಟೈರಿನ ಎಟಿವಿಗಳಿಗೂ ಇದೇ ಕಾಯಿಲೆ. ಒಂದೇ ವ್ಯತ್ಯಾಸವೆಂದರೆ, ಟ್ರೇಲರಿನಲ್ಲಿ ಅಚ್ಚು ನಿಂತಿರುತ್ತದೆ, ಗಾಲಿ ತಿರುಗುತ್ತದೆ. ಹಲವು ಎಟಿವಿಗಳ ಹಿಂಬದಿಯಲ್ಲಿ ಅಚ್ಚೇ ಗಾಲಿಯೊಡನೆ ತಿರುಗುತ್ತದೆ, ಬೇರಿಂಗು ಅಚ್ಚನ್ನು ಹಿಡಿದ ಗೂಡಿನಲ್ಲಿರುತ್ತದೆ. ಕೆಸರು, ನೀರು, ಸವೆದ ಸೀಲು ಅಲ್ಲೂ ತಪ್ಪಿದ್ದಲ್ಲ. ಇಂಥ ಗಾಡಿಯನ್ನು ವಿದ್ಯಾರ್ಥಿಗಳೇ ಕಟ್ಟಿ ಓಡಿಸುವ ಬಾಹಾ ಸ್ಪರ್ಧೆ 2007ರಲ್ಲಿ ಭಾರತಕ್ಕೂ ಬಂತು. ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಅಲ್ಲಿ ಗ್ರೀಸು ಮೆತ್ತಿಕೊಂಡು ನಿಂತರೆ ತಂದೆತಾಯಿಗಳಿಗೆ ಹೆಮ್ಮೆ. ಊರಲ್ಲಿ ಮಾತ್ರ "ಅಂಕ ಕಡಿಮೆ ಬಂದ್ರ ಗ್ಯಾರೇಜಿಗೆ ಹಚ್ತೀನಿ ನೋಡು" ಎಂಬ ಬೆದರಿಕೆ!

ಆ ಗ್ಯಾರೇಜಿನ ಹುಡುಗನೋ, ತುಕ್ಕಿನ ಬಳೆಯ ಮೇಲೆ 32210 ಎಂದು ಓದಿದೊಡನೆ "ಐವತ್ತು ಎಂಎಂ ಅಚ್ಚು" ಎನ್ನುತ್ತಾನೆ. ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳವ್ಯಾಸ ಮಿಲಿಮೀಟರಿನಲ್ಲಿ ಬರುತ್ತದೆ. 6205 ಇದ್ದರೆ 25. ಕೊನೆಗೆ 00, 01, 02, 03 ಇದ್ದಾಗ ಮಾತ್ರ ಲೆಕ್ಕ ಬೇರೆ: 10, 12, 15, 17.

ಕೆಲಸ ಮುಗಿದ ಮೇಲೆ ಟ್ರೇಲರನ್ನು ಎಂಟು ಹತ್ತು ಕಿಲೋಮೀಟರ್ ಓಡಿಸಿ ತಂದು, ಹಬ್ಬಿನ ಹತ್ತಿರ ಮೊದಲು ಅಂಗೈ ಹಿಡಿದು, ಆಮೇಲೆ ಮುಟ್ಟಿ ನೋಡುತ್ತಾರೆ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಟ್ಟರೆ ಮತ್ತೆ ದಿಮ್ಮಿ, ಮತ್ತೆ ಜಾಕು. ಬಿಚ್ಚಿದ ಹಳೆಯ ಕಪ್ಪುಗಳಲ್ಲಿ ಒಂದೆರಡನ್ನು ಮಿಸ್ತ್ರಿ ಎತ್ತಿಡುತ್ತಾನೆ, ಹೊಸ ಕಪ್ಪನ್ನು ಪೆಟ್ಟು ತಾಗದಂತೆ ಒಳಗಿಳಿಸಲು ಅವು ಬೇಕು. ಮೋಟರಿನಿಂದ ತೆಗೆದ ಗುಂಡಿನ ಬೇರಿಂಗುಗಳೇನಾದರೂ ಬಿದ್ದಿದ್ದರೆ ಓಣಿಯ ಹುಡುಗರು ಕೇಳಿ ಒಯ್ದು, ಹಲಗೆಗೆ ಬಡಿದು, ತಳ್ಳುಗಾಡಿ ಮಾಡಿಕೊಳ್ಳುತ್ತಾರೆ.