ಆರು ಸ್ಪೀಕರುಗಳೂ ಒಂದು ಮಾತೂ

ಶಬ್ದವು ಆಕಾಶದ ಗುಣವೆಂಬುದು ನೈಯಾಯಿಕರ ಮತ. ಹುಟ್ಟಿದ ಶಬ್ದವು ಕಿವಿಯನ್ನು ಸೇರುವ ಬಗೆಗೆ ಅವರು ಎರಡು ದೃಷ್ಟಾಂತಗಳನ್ನು ಕೊಡುವುದುಂಟು. ನೀರಿನಲ್ಲಿ ಅಲೆಯಿಂದ ಅಲೆಯು ಹುಟ್ಟಿಬರುವಂತೆ ಎಂಬುದು ವೀಚೀತರಂಗನ್ಯಾಯ. ಕದಂಬದ ಹೂವಿನ ಕೇಸರಗಳು ಎಲ್ಲ ದಿಕ್ಕಿಗೂ ಒಮ್ಮೆಗೇ ಚಾಚಿಕೊಳ್ಳುವಂತೆ ಎಂಬುದು ಕದಂಬಗೋಲಕನ್ಯಾಯ. ಈಗ ಕೆಲವು ಮನೆಗಳಲ್ಲಿ ಕಂಪ್ಯೂಟರನ್ನು ಟೆಲಿವಿಷನ್ನಿಗೆ ಜೋಡಿಸಿ ಚಲಚ್ಚಿತ್ರ ನೋಡುವ ಪದ್ಧತಿಯು ಬಂದಿರುವುದಷ್ಟೆ. ಅದರೊಡನೆ ಬಂದ ಸರೌಂಡ್ ಸೌಂಡ್ ಎಂಬ ಏರ್ಪಾಡು ಕದಂಬದ ಹೂವನ್ನು ಒಳಗು ಹೊರಗು ಮಾಡಿದಂತಿದೆ: ಕೇಳುವವನು ನಡುವೆ ಕುಳಿತಿರುತ್ತಾನೆ, ಶಬ್ದವು ಸುತ್ತಲಿಂದ ಅವನ ಕಡೆಗೆ ಬರುತ್ತದೆ. ಇದನ್ನು ಮನೆಯಲ್ಲಿ ಸರಿಯಾಗಿ ನಡೆಸುವ ಬಗೆಯನ್ನೂ, ಇದರಿಂದ ಗೃಹಸ್ಥರಿಗೆ ಆಗತಕ್ಕ ನಿಜವಾದ ಪ್ರಯೋಜನವನ್ನೂ ಕುರಿತು ನಾಲ್ಕು ಮಾತುಗಳನ್ನು ಬರೆಯುತ್ತೇವೆ.

ಈ ಏರ್ಪಾಡಿನ ಸಾಮಾನ್ಯ ರೂಪಕ್ಕೆ ೫.೧ ಎಂದು ಹೆಸರು. ಐದು ಸ್ಪೀಕರುಗಳು ಪೂರ್ಣಸ್ವರದವು. ಆರನೆಯದಾದ ಸಬ್‌ವೂಫರು ಗುಡುಗಿನಂಥ ಮಂದ್ರಧ್ವನಿಗೆ ಮಾತ್ರ ಮೀಸಲು. ಒಂದನ್ನು ಪರದೆಯ ನಡುವೆ ನೇರವಾಗಿಯೂ, ಎರಡನ್ನು ಅದರ ಎಡಬಲಗಳಲ್ಲಿ ೩೦ ಡಿಗ್ರಿಯಷ್ಟು ಓರೆಯಾಗಿಯೂ, ಉಳಿದೆರಡನ್ನು ಕೇಳುವವನ ಕಿವಿಗಳಿಗಿಂತ ತುಸು ಹಿಂದೆ, ಸುಮಾರು ೧೧೦ ಡಿಗ್ರಿಯಲ್ಲಿಯೂ ಇಡತಕ್ಕದ್ದು. ಹಿಂದಿನ ಎರಡರಿಂದ ಮಳೆಯೂ ಬಾಣವೂ ಬರುವುದನ್ನು ಕೇಳಿ ಹುಡುಗರು ಹಿಗ್ಗುತ್ತಾರೆ. ಆದರೆ ಚಿತ್ರದ ಸಂಭಾಷಣೆಯ ಬಹುಭಾಗವನ್ನು ನಿರ್ಮಾಪಕರು ಇಡುವುದು ನಡುವಣ ಸ್ಪೀಕರಿನಲ್ಲಿ. ೧೯೩೧ರಲ್ಲಿ ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ ಎಂಬ ಎಂಜಿನಿಯರು ಪತ್ನಿಯೊಡನೆ ಚಿತ್ರಮಂದಿರಕ್ಕೆ ಹೋಗಿದ್ದಾಗ, ನಟನು ಪರದೆಯ ಒಂದು ಕಡೆ ನಿಂತಿದ್ದರೂ ಅವನ ಮಾತು ಮತ್ತೊಂದು ಕಡೆಯಿಂದ ಬರುತ್ತಿದ್ದುದನ್ನು ಕಂಡು, ಇದನ್ನು ಸರಿಪಡಿಸುವ ದಾರಿಯುಂಟೆಂದು ಆಕೆಗೆ ಹೇಳಿದನೆಂದು ಪ್ರತೀತಿ. ಅದೇ ವರ್ಷದ ಡಿಸೆಂಬರಿನಲ್ಲಿ ಅವನು ಸ್ಟೀರಿಯೋ ವಿಧಾನಕ್ಕೆ ಪೇಟೆಂಟು ಕೋರಿದನು. ಮಾತು ಆಡಿದವನ ಬಾಯಿಂದಲೇ ಬರಬೇಕೆಂಬ ಆಶೆಯೇ ಈ ವಿದ್ಯೆಯ ಮೂಲದಲ್ಲಿದೆ.

ನಮಗೆ ಇದರ ಅಗತ್ಯವು ತೋರಿದ್ದು ನಮ್ಮ ಮನೆಯವರ ಕಾರಣದಿಂದ. ಚಿತ್ರವನ್ನು ಹಚ್ಚಿದ ಹತ್ತು ನಿಮಿಷಕ್ಕೆ ಅವರು ಎದ್ದುಹೋಗುವುದು ವಾಡಿಕೆಯಾಗಿತ್ತು. ಕಾರಣವನ್ನು ಕೇಳಿದರೆ, "ಎಲ್ಲರೂ ತುಟಿ ಅಲ್ಲಾಡಿಸುತ್ತಾರೆ, ಪಿಟೀಲೊಂದೇ ಕೇಳಿಸುತ್ತದೆ. ನೀವು ನೋಡಿ, ನಾನು ಒಳಗೆ ಹೂಬತ್ತಿಯನ್ನಾದರೂ ಮಾಡುತ್ತೇನೆ" ಎಂದರು. ವಯಸ್ಸು ಏರಿದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ತಾರಧ್ವನಿಗಳನ್ನು. ಶ, ಷ, ಸ ಎಂಬ ಊಷ್ಮಾಕ್ಷರಗಳ ಸತ್ತ್ವವೆಲ್ಲ ಅಲ್ಲಿಯೇ ಇರುವುದು. ಸ್ವರವು ಉಳಿದು ವ್ಯಂಜನವು ಜಾರಿದರೆ, ಯಾರೋ ಮಾತನಾಡುತ್ತಿರುವರೆಂದು ತಿಳಿಯುತ್ತದೆ; ಏನು ಮಾತೆಂದು ತಿಳಿಯುವುದಿಲ್ಲ. ಧ್ವನಿಯನ್ನು ಏರಿಸಿದರೆ ವಾದ್ಯಗಳೂ ಜೊತೆಯಲ್ಲಿಯೇ ಏರುತ್ತವೆ. ನಲವತ್ತು ವರ್ಷ ಒಟ್ಟಿಗೆ ಕುಳಿತು ಚಿತ್ರ ನೋಡಿದವರಲ್ಲಿ ಒಬ್ಬರು ಹೀಗೆ ಒಳಮನೆಗೆ ಸರಿಯುವುದು ಅಲ್ಪವಾದ ಸಂಗತಿಯಲ್ಲ.

ಮನೆಯಲ್ಲಿ ಆರು ಸ್ಪೀಕರುಗಳೂ ಇದ್ದವು. ಆದರೆ ನಡುವಣದು ಮೂಕವಾಗಿತ್ತು. ಕಾರಣವನ್ನು ಹುಡುಕುವುದಕ್ಕೆ ನಮ್ಮ ಶಾಸ್ತ್ರಕಾರರ ಅನ್ವಯವ್ಯತಿರೇಕಕ್ಕಿಂತ ಒಳ್ಳೆಯ ಉಪಾಯವಿಲ್ಲ. ಯಾವುದಿದ್ದರೆ ಕಾರ್ಯವುಂಟು, ಯಾವುದಿಲ್ಲದಿದ್ದರೆ ಕಾರ್ಯವಿಲ್ಲ ಎಂಬುದನ್ನು ಒಂದೊಂದಾಗಿ ಪರೀಕ್ಷಿಸಬೇಕು. ಒಮ್ಮೆಗೆ ಎರಡನ್ನು ಬದಲಿಸಲಾಗದು. ರಿಸೀವರಿನಲ್ಲಿ ತನ್ನಷ್ಟಕ್ಕೆ ತಾನೇ ಪ್ರತಿಯೊಂದು ಸ್ಪೀಕರನ್ನೂ ನುಡಿಸಿ ನೋಡುವ ಟೆಸ್ಟ್ ಟೋನ್ ಎಂಬ ಅನುಕೂಲವಿರುತ್ತದೆ. ಅದನ್ನು ನಡೆಸಿದಾಗ ಆರೂ ನುಡಿದವು. ಆದುದರಿಂದ ಸ್ಪೀಕರೂ ತಂತಿಯೂ ನಿರ್ದೋಷಿಗಳು. ಬಳಿಕ ಚಿತ್ರವನ್ನು ಹಚ್ಚಿ ರಿಸೀವರಿನ ಮುಖಫಲಕವನ್ನು ನೋಡಿದೆವು. ಅಲ್ಲಿ ಎರಡೇ ಚಾನೆಲ್ಲುಗಳು ಬರುತ್ತಿರುವುದಾಗಿ ಬರೆದಿತ್ತು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವಂತೆ, ದೋಷವು ರಿಸೀವರಿಗಿಂತ ಮೊದಲೇ ಇದೆಯೆಂದು ನಿಶ್ಚಯವಾಯಿತು.

ಅಂಗಡಿಯಿಂದ ಬಂದ ಕೆಲಸಗಾರನು ಕಂಪ್ಯೂಟರನ್ನು ಎಚ್‌ಡಿಎಂಐ ಕೇಬಲಿನಿಂದ ಟೆಲಿವಿಷನ್ನಿಗೂ, ಅಲ್ಲಿಂದ ಆಪ್ಟಿಕಲ್ ಕೇಬಲಿನಿಂದ ರಿಸೀವರಿಗೂ ಜೋಡಿಸಿ ಹೋಗಿದ್ದನು. ಎಚ್‌ಡಿಎಂಐಯಲ್ಲಿ ಒಂದು ಶಿಷ್ಟಾಚಾರವುಂಟು: ಎದುರಿನ ಯಂತ್ರವು ತನ್ನ ಯೋಗ್ಯತೆ ಇಷ್ಟೆಂದು ಕಂಪ್ಯೂಟರಿಗೆ ಮೊದಲೇ ತಿಳಿಸುತ್ತದೆ. ಟೆಲಿವಿಷನ್ನಿನಲ್ಲಿರುವುದು ಎರಡು ಸ್ಪೀಕರು. ತನಗೆ ಎರಡೇ ಸಾಕೆಂದು ಅದು ಹೇಳಿತು. ಕಂಪ್ಯೂಟರು ಆರನ್ನೂ ಕಲಸಿ ಎರಡಕ್ಕೆ ಇಳಿಸಿತು. ಮಾತು ವಾದ್ಯಗಳಲ್ಲಿ ಮುಳುಗಿತು. ಕಂಪ್ಯೂಟರಿನಿಂದ ರಿಸೀವರಿಗೆ, ರಿಸೀವರಿನಿಂದ ಟೆಲಿವಿಷನ್ನಿಗೆ ಎಂದು ಎಚ್‌ಡಿಎಂಐಯ ಕ್ರಮವನ್ನು ಬದಲಿಸಿದೊಡನೆ ದಾರಿ ತೆರೆಯಿತು. ಆ ಕೇಬಲು ಎಂಟು ಚಾನೆಲ್ಲುಗಳನ್ನೂ ಹೊರಬಲ್ಲದು. ರಿಸೀವರಿಗೆ ಎಚ್‌ಡಿಎಂಐ ಇಲ್ಲದವರು, ಕಂಪ್ಯೂಟರಿನಲ್ಲಿ ಆಪ್ಟಿಕಲ್ ಕಿಂಡಿಯಿದ್ದರೆ ಅಲ್ಲಿಂದಲೇ ನೇರವಾಗಿ ಕೇಬಲನ್ನು ಎಳೆಯಬಹುದು. ಆದರೆ ಅದರಲ್ಲಿ ಆರು ಚಾನೆಲ್ಲುಗಳು ಹೋಗುವುದು ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ರೂಪದಲ್ಲಿ ಅಡಕವಾಗಿದ್ದರೆ ಮಾತ್ರ.

ದಾರಿಯು ತೆರೆದ ಮೇಲೂ ಕಂಪ್ಯೂಟರಿಗೆ ಹೇಳಬೇಕಾದುದು ಉಳಿದಿರುತ್ತದೆ. ರಿಸೀವರನ್ನು ಮೊದಲು ಹಚ್ಚಿ, ವಿಂಡೋಸಿನ ಸೌಂಡ್ ಎಂಬ ವಿಭಾಗದಲ್ಲಿ ಅದನ್ನು ಆರಿಸಿ, ಕಾನ್ಫಿಗರ್ ಎಂಬಲ್ಲಿ ಸ್ಟೀರಿಯೋ ಬದಲು ೫.೧ ಎಂದು ಗುರುತಿಸಬೇಕು. ಚಿತ್ರವನ್ನು ತೋರಿಸುವ ತಂತ್ರಾಂಶಕ್ಕೂ ಬೇರೆಯಾಗಿ ತಿಳಿಸಬೇಕು. ನಮ್ಮಲ್ಲಿರುವುದು ಕೋಡಿ, ಅದರಲ್ಲಿ ಚಾನೆಲ್ಲುಗಳ ಸಂಖ್ಯೆಯು ಮೂಲತಃ ೨.೦ ಎಂದಿರುತ್ತದೆ. ಅದನ್ನು ೫.೧ ಮಾಡಿ, ಪಾಸ್‌ಥ್ರೂ ಎಂಬುದಕ್ಕೆ ಅನುಮತಿಯಿತ್ತರೆ ಡಾಲ್ಬಿ ಡಿಜಿಟಲ್ ಶಬ್ದವು ಬಿಚ್ಚದ ಲಕೋಟೆಯಂತೆ ರಿಸೀವರನ್ನೇ ಸೇರುತ್ತದೆ. ಇಷ್ಟಾದ ಮೇಲೆ ಕುಳಿತುಕೊಳ್ಳುವ ಸ್ಥಳದಿಂದ ಒಂದೊಂದು ಸ್ಪೀಕರಿಗೂ ಇರುವ ದೂರವನ್ನು ಟೇಪು ಹಿಡಿದು ಅಳೆದು ರಿಸೀವರಿಗೆ ಕೊಡಬೇಕು. ಶಬ್ದಕ್ಕೆ ಒಂದು ಮೀಟರು ದಾಟಲು ಸೆಕೆಂಡಿನ ಸಾವಿರದ ಮೂರು ಪಾಲು ಬೇಕು. ಹತ್ತಿರದ ಸ್ಪೀಕರನ್ನು ರಿಸೀವರು ಅಷ್ಟು ತಡೆದು ನುಡಿಸುತ್ತದೆ.

ಕೊನೆಗೆ ನಡುವಣ ಸ್ಪೀಕರನ್ನು ಮಾತ್ರ ೩ ಡೆಸಿಬೆಲ್ ಏರಿಸಿದೆವು. ಇದು ಆರೂ ಬೇರೆಬೇರೆಯಾಗಿ ಬಂದಾಗ ಮಾತ್ರ ಸಾಧ್ಯವಾಗುವ ಉಪಕಾರ. ಅಂದಿನ ಚಿತ್ರಕ್ಕೆ ನಮ್ಮ ಮನೆಯವರು ಬತ್ತಿಯ ಹತ್ತಿಯನ್ನು ಹಜಾರಕ್ಕೇ ತಂದುಕೊಂಡರು. ಅರ್ಧ ಚಿತ್ರವಾದ ಮೇಲೆ ಕಥೆಯಲ್ಲಿ ನಮಗೆ ತಿಳಿಯದೆಹೋದ ಒಂದು ಸಂಬಂಧವನ್ನು ಅವರೇ ನಮಗೆ ಬಿಡಿಸಿ ಹೇಳಿದರು.

ಹಳೆಯ ಕಪ್ಪುಬಿಳುಪು ಚಿತ್ರಗಳಲ್ಲಿ ಶಬ್ದವು ಒಂದೇ ಧಾರೆಯಾಗಿರುವುದರಿಂದ, ಅಲ್ಲಿ ಮಾತನ್ನು ವಾದ್ಯದಿಂದ ಬೇರ್ಪಡಿಸಲು ಇಷ್ಟರಿಂದ ಆಗದು. ರಿಸೀವರಿನ ಡಾಲ್ಬಿ ವಿಧಾನವನ್ನು ಆರಿಸಿದರೆ ಎಲ್ಲವೂ ನಡುವಿನಿಂದ ಬಂದೀತು, ಅಷ್ಟೆ. ೫.೧ ಶಬ್ದವುಳ್ಳ ಚಿತ್ರಗಳಿಗೆ ಮಾತ್ರ ಈ ಶ್ರಮವು ಸಾರ್ಥಕ. ಮನೆಯ ಹಿರಿಯರೊಬ್ಬರು ಚಿತ್ರದ ನಡುವೆ ಎದ್ದುಹೋಗುತ್ತಿದ್ದರೆ, ಅವರಿಗೆ ಆಸಕ್ತಿಯಿಲ್ಲವೆಂದೋ ಕಿವಿಯು ಕೆಟ್ಟಿತೆಂದೋ ತೀರ್ಮಾನಿಸುವ ಮೊದಲು, ವಾಚಕರು ನಡುವಣ ಸ್ಪೀಕರಿನ ಬಳಿ ಹೋಗಿ ಒಮ್ಮೆ ಕಿವಿಗೊಟ್ಟು ನೋಡತಕ್ಕದ್ದು.