ಕುರ್ಡಿಯ ಕಟ್ಟೆಯ ಮೇಲಿನ ಚಿತ್ರವಿಮರ್ಶೆ

ರಾಯಚೂರು ಜಿಲ್ಲೆಯ ಮಾನ್ವಿ ತಾಲೂಕಿನ ಕುರ್ಡಿಯಲ್ಲಿ ಒಂದು ಕಿರಾಣಿ ಅಂಗಡಿಯುಂಟು. ಅದರ ಮುಂದಿನ ಕಲ್ಲುಕಟ್ಟೆಯ ಮೇಲೆ ಮೂವರು ಗೆಳೆಯರು ಸಂಜೆಯ ಹೊತ್ತು ಕೂಡುತ್ತಾರೆ. ಒಬ್ಬರು ನಿವೃತ್ತ ಕನ್ನಡ ಮಾಸ್ತರರು. ಇನ್ನೊಬ್ಬರು ರೈತರು, ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ತಮ್ಮ ಹೊಲದವರೆಗೆ ಬಂದ ವರ್ಷ ಭತ್ತ, ಬಾರದ ವರ್ಷ ಜೋಳ ಬೆಳೆಯುವವರು. ಮೂರನೆಯವರು ಅಂಗಡಿಯ ಯಜಮಾನರಾದ ಶ್ರಾವಕರು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವುದು ಅವರ ಮನೆತನದ ನೇಮವಾದುದರಿಂದ ಕಟ್ಟೆಗೆ ಅವರೇ ಮೊದಲು ಬಂದು ಕುಳಿತಿರುತ್ತಾರೆ.

ಮಳೆ, ಕಾಲುವೆ, ಹತ್ತಿಯ ಧಾರಣೆ, ಇವುಗಳ ಮಾತು ಮುಗಿದ ಮೇಲೆ ಸಿನಿಮಾದ ಮಾತು ತಪ್ಪದೆ ಬರುತ್ತದೆ. ಈ ಮೂವರಿಗೂ ಅದು ಬಾಲ್ಯದ ಗೀಳು. ಟೂರಿಂಗ್ ಟಾಕೀಸಿನ ಡೇರೆಯಲ್ಲಿ ನೆಲದ ಮೇಲೆ ಕುಳಿತು, ರೀಲು ಬದಲಿಸುವಾಗ ಶೇಂಗಾ ತಿನ್ನುತ್ತ ನೋಡಿದ ಪೀಳಿಗೆ ಅದು. ಗಡಿನಾಡಾದ ರಾಯಚೂರಿನಲ್ಲಿ ಕನ್ನಡದಷ್ಟೇ ಸಲೀಸಾಗಿ ತೆಲುಗು, ಹಿಂದಿ ಚಿತ್ರಗಳು ಬರುತ್ತಿದ್ದುದರಿಂದ ಇವರ ವಿಮರ್ಶೆಗೆ ಭಾಷೆಯ ಬೇಲಿ ಇಲ್ಲ. 1957ರ ‘ಮಾಯಾಬಜಾರ್’ ಬಗ್ಗೆ ರೈತರು ಇಂದಿಗೂ ನಿನ್ನೆ ಕಂಡವರಂತೆ ಮಾತನಾಡುತ್ತಾರೆ. ಹೊಸ ಚಿತ್ರಗಳಲ್ಲಿ ಅವರಿಗೆ ಬಹಳ ಹಿಡಿಸಿದ್ದು ‘ತಿಥಿ’. ಮಂಡ್ಯ ಕಡೆಯ ಹಳ್ಳಿಯ ಜನರೇ ಪಾತ್ರಧಾರಿಗಳಾಗಿರುವ ಆ ಚಿತ್ರದಲ್ಲಿ ನೂರು ದಾಟಿದ ಮುದುಕನೊಬ್ಬ ಸಾಯುತ್ತಾನೆ, ಮಿಕ್ಕವರು ಹೊಲದ ಕಾಗದಕ್ಕಾಗಿ ಒದ್ದಾಡುತ್ತಾರೆ. “ನಟನೆ ಎಲ್ಲೈತಿ ಅದರಾಗ? ನಮ್ಮ ಓಣಿನs ಅದು” ಎಂಬುದು ಅವರ ವಿಮರ್ಶೆ. ಪತ್ರಿಕೆಗಳಲ್ಲಿ ಬಂದ ವಿಮರ್ಶೆಗಳೂ ಬಹುಮಟ್ಟಿಗೆ ಅದನ್ನೇ ಉದ್ದವಾಗಿ ಹೇಳಿದವು.

ಮಾಸ್ತರರ ಒಲವು ‘ಸಂಸ್ಕಾರ’ದ ಕಡೆಗೆ. ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ, ಸೆನ್ಸಾರಿನವರು ಮೊದಲು ತಡೆಹಿಡಿದು ಆಮೇಲೆ ಬಿಟ್ಟ, 1970ರ ಆ ಚಿತ್ರದ ಮಾತು ಬಂದರೆ ಅವರಿಗೆ ಊರಿನ ಅಭಿಮಾನವೂ ಸೇರಿಕೊಳ್ಳುತ್ತದೆ. ಅದರ ಸಂಗೀತ ನಿರ್ದೇಶಕರು ಸರೋದ್ ವಾದಕ ರಾಜೀವ ತಾರಾನಾಥರು. ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದ ಪಂಡಿತ ತಾರಾನಾಥರ ಪುತ್ರರು. 2024ರ ಜೂನ್‌ನಲ್ಲಿ ಅವರು ಮೈಸೂರಿನಲ್ಲಿ ತೀರಿಕೊಂಡ ಸುದ್ದಿ ಬಂದ ಸಂಜೆ ಕಟ್ಟೆಯ ಮೇಲೆ ಬೇರೆ ಮಾತೇ ನಡೆಯಲಿಲ್ಲ. ‘ಸಂಸ್ಕಾರ’ದಲ್ಲಿ ನಾರಣಪ್ಪನ ಶವವನ್ನು ಸಂಸ್ಕಾರ ಮಾಡುವವರಿಲ್ಲ, ನಾಲ್ಕೇ ವರ್ಷದ ತರುವಾಯ ಬಂದ ‘ಭೂತಯ್ಯನ ಮಗ ಅಯ್ಯು’ ಚಿತ್ರದಲ್ಲಿ ಸಾಲ ಕೊಟ್ಟು ಊರನ್ನು ಹಿಂಡಿದ ಭೂತಯ್ಯನ ಶವಕ್ಕೆ ಹೆಗಲು ಕೊಡುವವರಿಲ್ಲ. ಕನ್ನಡದ ಎರಡು ಶ್ರೇಷ್ಠ ಚಿತ್ರಗಳು ಒಂದೇ ಕಾಲದಲ್ಲಿ ಹೆಣದ ಮುಂದೆ ನಿಂತು ಊರಿನ ಮನಸ್ಸನ್ನು ಅಳೆದವು ಎಂದು ಮಾಸ್ತರರು ವಿವರಿಸುತ್ತಿದ್ದರು. ಈ ಮಾತು ಬಂದಾಗಲೆಲ್ಲ ಅಂಗಡಿಯವರು ಏನಾದರೊಂದು ನೆಪದಿಂದ ಎದ್ದು ಒಳಗೆ ಹೋಗುತ್ತಿದ್ದುದನ್ನು ಇಬ್ಬರೂ ಗಮನಿಸಿರಲಿಲ್ಲ.

ಜಗಳ ಬಂದದ್ದು ‘ಕೆ.ಜಿ.ಎಫ್’ ದೆಸೆಯಿಂದ. ಅದರ ಎರಡನೆಯ ಭಾಗ 2022ರ ಏಪ್ರಿಲ್‌ನಲ್ಲಿ ತೆರೆಕಂಡಾಗ ಮೊಮ್ಮಗನ ಹಟಕ್ಕೆ ಅಂಗಡಿಯವರೂ ರಾಯಚೂರಿಗೆ ಹೋಗಿ ನೋಡಿ ಬಂದರು. ಮರುದಿನ ಕಟ್ಟೆಯ ಮೇಲೆ ಆ ಹುಡುಗ, ತಾತನೂ ತನ್ನೊಡನೆ ಎದ್ದುನಿಂತು ಚಪ್ಪಾಳೆ ತಟ್ಟಿದರೆಂದು ಹೆಮ್ಮೆಯಿಂದ ಹೇಳಿದನು. ಅಂಗಡಿಯವರು ನಕ್ಕು, “ಆಟ ಅದು. ಯಾರೂ ಸತ್ತಿಲ್ಲ, ಯಾರೂ ಕೊಂದಿಲ್ಲ. ಬರೇ ಬಣ್ಣದ ನೀರು” ಎಂದರು.

ಮಾಸ್ತರರಿಗೆ ಅಂದು ವಾದದ ಹುರುಪು ಹೆಚ್ಚಾಗಿತ್ತು. “ಯಶೋಧರನ ಹುಂಜಾನೂ ಹಿಟ್ಟಿಂದs ಇತ್ತಲ್ಲೋ ಸಾವ್ಕಾರ! ನೀರು ಸೋಸಿ ಕುಡಿಯೋ ಮನುಷ್ಯ ನೀ. ನಿನಗs ನಾ ಹೇಳಬೇಕೇನು?” ಎಂದುಬಿಟ್ಟರು. ಸಾಮಾನು ಕೊಳ್ಳಲು ನಿಂತಿದ್ದ ಇಬ್ಬರು ಹುಡುಗರು ಗಹಗಹಿಸಿ ನಕ್ಕರು.

ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಕಥೆಯನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಜೀವವಿಲ್ಲದ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಮಾತ್ರದಿಂದ ರಾಜನೂ ಅವನ ತಾಯಿಯೂ ಭವಭವಗಳಲ್ಲಿ ತೊಳಲಿದ ಕಥೆ ಅದು. ಗಿರೀಶ ಕಾರ್ನಾಡರು ಅದನ್ನೇ 1980ರಲ್ಲಿ ‘ಹಿಟ್ಟಿನ ಹುಂಜ’ ನಾಟಕವಾಗಿಸಿದರು. ಮಾಸ್ತರರ ಹೋಲಿಕೆ ಅಸಂಗತವೇನಲ್ಲ. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು, ಅಂದರೆ ಕೃತ, ಕಾರಿತ, ಅನುಮೋದಿತ ಮೂರರಿಂದಲೂ ಕರ್ಮಾಸ್ರವವೆಂದು ಶಾಸ್ತ್ರ ಹೇಳುತ್ತದೆ. ತೆರೆಯ ಮೇಲಿನ ಕೊಲೆಯಲ್ಲಿ ಮೊದಲೆರಡು ಪ್ರೇಕ್ಷಕನಿಗೆ ಸಲ್ಲದಿರಬಹುದು, ಮೂರನೆಯದು ಅವನದೇ. ಆದರೆ ಗೆಳೆಯನ ಮನೆಯ ಧರ್ಮವನ್ನು ತೆಗೆದು ನಾಲ್ವರೆದುರು ಅವನ ಮೇಲೆಯೇ ಬೀಸುವುದು ಯಾವ ಬಗೆಯ ಅಹಿಂಸೆ ಎಂಬ ಪ್ರಶ್ನೆ ಮಾಸ್ತರರಿಗೆ ಆಗ ಹೊಳೆಯಲಿಲ್ಲ.

ಮರುದಿನದಿಂದ ಅಂಗಡಿಯವರು ಕಟ್ಟೆಗೆ ಬರಲಿಲ್ಲ. ಅಂಗಡಿ ತೆರೆದಿರುತ್ತಿತ್ತು, ಅವರು ಒಳಗೇ ಕುಳಿತು ತೂಗಿ ಕೊಡುತ್ತಿದ್ದರು. ರೈತರು ಬೆಲ್ಲದ ನೆಪದಲ್ಲಿ ಎರಡು ಸಲ ಒಳಗೆ ಹೋಗಿ ಬಂದರು. ಬೆಲ್ಲ ಸಿಕ್ಕಿತು, ಮಾತು ಸಿಗಲಿಲ್ಲ.

ಹೊರಗೆ ಉಳಿದ ಇಬ್ಬರಲ್ಲಿ ಆ ದಿನಗಳ ಚರ್ಚೆ ಚಲನಚಿತ್ರದ ಹಿಂಸೆಯ ಸುತ್ತಲೇ ತಿರುಗಿತು. ಮಾಸ್ತರರು ‘ಶೋಲೆ’ಯ ವಿಷಯ ತೆಗೆದರು. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಿಸಿದ ಆ ಚಿತ್ರದ ಮೊದಲಿನ ಅಂತ್ಯದಲ್ಲಿ ಕೈಗಳಿಲ್ಲದ ಠಾಕೂರನು ಮೊಳೆ ಹೊಡೆದ ಮೆಟ್ಟಿನಿಂದ ಗಬ್ಬರನನ್ನು ತುಳಿದು ಕೊಲ್ಲುತ್ತಾನೆ. 1975ರ ತುರ್ತುಪರಿಸ್ಥಿತಿಯ ದಿನಗಳಲ್ಲಿ ಸೆನ್ಸಾರಿನವರು ಅದಕ್ಕೆ ಒಪ್ಪಲಿಲ್ಲ. ಪೊಲೀಸರು ಬಂದು ತಡೆಯುವಂತೆ ಅಂತ್ಯವನ್ನು ಬದಲಿಸಲಾಯಿತು. ಕಾನೂನಿನ ಗೌರವ ಉಳಿಯಿತೆಂದು ಮಾಸ್ತರರು ಮೆಚ್ಚಿದರು. ರೈತರು ಬಹಳ ಹೊತ್ತು ಯೋಚಿಸಿ, “ಪೊಲೀಸರು ಬಂದ್ರು, ಖರೆ. ಆದರ ಅಷ್ಟೊತ್ತಿಗೆ ನಾ ಕುಂತಲ್ಲೇ ಗಬ್ಬರನ್ನ ಕೊಂದು ಮುಗಿಸಿದ್ದೆ” ಎಂದರು. ಕತ್ತರಿ ಫಿಲ್ಮಿನ ಮೇಲೆ ಓಡುತ್ತದೆ, ನೋಡುವವನ ಎದೆಯೊಳಗೆ ಓಡುವುದಿಲ್ಲ. ಶಾಲೆ ಅರ್ಧಕ್ಕೇ ಬಿಟ್ಟ ಅವರ ಈ ಮಾತಿಗೆ ಮಾಸ್ತರರಲ್ಲಿ ಉತ್ತರವಿರಲಿಲ್ಲ.

ಹನ್ನೆರಡನೆಯ ದಿನ ಅಂಗಡಿಯವರು ಹೊರಗೆ ಬಂದು ತಮ್ಮ ಜಾಗದಲ್ಲಿ ಕುಳಿತರು.

“ಮಾಸ್ತರ, ನೀ ಹೇಳಿದ್ದು ಖರೆ ಐತಿ. ಚಪ್ಪಾಳಿ ಹೊಡದೀನಿ. ಆ ಹೊತ್ತಿಗೆ ನನಗ ಸಂತೋಷನೂ ಆಗಿತ್ತು. ಬಣ್ಣದ ನೀರು ಅಂತ ವಾದ ಮಾಡಬಾರದಿತ್ತು. ಆದರ ಒಂದು ಕೇಳ್ತೀನಿ. ‘ಭೂತಯ್ಯನ ಮಗ ಅಯ್ಯು’ ಮೂವರೂ ಕೂಡಿ ನೋಡಿದ್ದು ನೆನಪೈತೇನು?”

ಇಬ್ಬರಿಗೂ ನೆನಪಿತ್ತು. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯನ್ನು ಆಧರಿಸಿ ಸಿದ್ದಲಿಂಗಯ್ಯನವರು 1974ರಲ್ಲಿ ನಿರ್ದೇಶಿಸಿದ ಚಿತ್ರ. ಎಂ.ಪಿ. ಶಂಕರ್ ಭೂತಯ್ಯ, ಲೋಕೇಶ್ ಅಯ್ಯು, ವಿಷ್ಣುವರ್ಧನ್ ಗುಳ್ಳ. ಊರಿನ ಕಡೆಗೆ ಅದು ತಡವಾಗಿ ಬಂದಿತು. ಮೂವರಿಗೂ ಆಗ ಹದಿಮೂರು ಹದಿನಾಲ್ಕರ ವಯಸ್ಸು. ಉಪ್ಪಿನಕಾಯಿ ತಿನ್ನುವ ದೃಶ್ಯವನ್ನು ನೆನೆದು ಮಾಸ್ತರರು ಆಗಲೇ ನಗಲು ಸಿದ್ಧರಾಗಿದ್ದರು. ಆ ಒಂದು ದೃಶ್ಯದಿಂದಲೇ ನಟ ಲೋಕನಾಥರಿಗೆ ಉಪ್ಪಿನಕಾಯಿ ಲೋಕನಾಥ್ ಎಂಬ ಹೆಸರು ಶಾಶ್ವತವಾಯಿತು.

ಅಂಗಡಿಯವರು ನಗಲಿಲ್ಲ. “ಭೂತಯ್ಯ ಸತ್ತ. ಹೆಗಲು ಕೊಡಾಕ ಯಾರೂ ಬರಲಿಲ್ಲ. ಡೇರೆ ತುಂಬ ಸಿಳ್ಳೋ ಸಿಳ್ಳು. ಈ ಕಡಿ ನೀ, ಆ ಕಡಿ ಇವ, ಇಬ್ಬರೂ ಬೆರಳು ಬಾಯಾಗ ಇಟ್ಕೊಂಡು ಹೊಡದ್ರಿ. ನಡುವ ನಾ ಕುಂತಿದ್ದೆ. ನಮ್ಮಪ್ಪ ಅವಾಗ ಬಡ್ಡಿ ವ್ಯವಹಾರ ಮಾಡ್ತಿದ್ದ.”

ಕಟ್ಟೆಯ ಮೇಲೆ ಯಾರೂ ಮಾತನಾಡಲಿಲ್ಲ.

“ನಾ ಒಬ್ಬನs ಸುಮ್ಮನ ಕುಂತ್ರ ನಿಮಗ ಗೊತ್ತಾಗತೈತಿ ಅಂತ ಅಂಜಿಕಿ ಬಂತು. ನಾನೂ ಸಿಳ್ಳು ಹೊಡದೆ.”

ಅವರ ತಂದೆಯ ವ್ಯವಹಾರದ ಬಗೆಯನ್ನು ಊರು ಬಲ್ಲದು. ಪಾತ್ರೆ ಪರಟೆ, ಕೆಲವೊಮ್ಮೆ ಬೆಳ್ಳಿಯ ಕಡಗ ಒತ್ತೆಯಿಟ್ಟುಕೊಂಡು ಬಿತ್ತನೆಯ ಕಾಲಕ್ಕೆ ಹಣ ಕೊಡುತ್ತಿದ್ದರು. ಸುಳ್ಳು ಲೆಕ್ಕ ಬರೆದವರಲ್ಲ; ಬರೆದ ಲೆಕ್ಕವನ್ನು ಬಿಟ್ಟವರೂ ಅಲ್ಲ. ಅವರು ತೀರಿಕೊಂಡಾಗ ಮಗನಿಗೆ ಇಪ್ಪತ್ತು ವರ್ಷ. ಅಂದು ಅಂಗಳದಲ್ಲಿ ತಂದೆಯ ಶವವಿರುವಾಗ ತಾನು ಅಳಲಿಲ್ಲವೆಂದು ಅಂಗಡಿಯವರು ಹೇಳಿದರು. ಬಾಗಿಲ ಬಳಿ ನಿಂತು, ಎಷ್ಟು ಜನ ಬಂದರೆಂದು ಎಣಿಸುತ್ತಿದ್ದರಂತೆ. ಭೂತಯ್ಯನ ಅಂಗಳ ಕಣ್ಣ ಮುಂದೆ ಇತ್ತು. ನಲವತ್ತು ದಾಟಿದ ಮೇಲೆ ಎಣಿಕೆ ತಪ್ಪಿತು. ಆಗ ಅಳು ಬಂದಿತು.

“ಹೆಗಲು ಕೊಟ್ಟವರಾಗ ನಾನೂ ಇದ್ದೆ” ಎಂದು ರೈತರು ಮೆಲ್ಲನೆ ಹೇಳಿದರು.

“ನೀನs ಮೊದಲನೇಯವ. ನಿನ್ನಿಂದs ಎಣಿಸಾಕ ಸುರು ಮಾಡಿದ್ದೆ.”

ಆ ವರ್ಷ ಮಗನು ಒತ್ತೆಯ ವ್ಯವಹಾರವನ್ನು ನಿಲ್ಲಿಸಿ ಕಿರಾಣಿ ಅಂಗಡಿಯೊಂದನ್ನೇ ಉಳಿಸಿಕೊಂಡಿದ್ದರು. ವಸೂಲಿಯ ಧೈರ್ಯವಿಲ್ಲದ ಹುಡುಗ ಎಂದು ಊರಿನವರು ಆಗ ಆಡಿಕೊಂಡರು. ಒಂದು ಸಿನಿಮಾ ಅದಕ್ಕೆ ಕಾರಣವಾಗಿರಬಹುದೆಂದು ಯಾರೂ ಊಹಿಸಿರಲಿಲ್ಲ. ಪರಿಗ್ರಹದ ಮಿತಿಯನ್ನು ಕುರಿತು ಕೇಳಿದ ಪ್ರವಚನಗಳಿಗಿಂತ ಆ ಚಿತ್ರ ತನ್ನ ಮೇಲೆ ಹೆಚ್ಚಿನ ಕೆಲಸ ಮಾಡಿತೆಂದು ಅಂಗಡಿಯವರು ಸಂಕೋಚದಿಂದಲೇ ಒಪ್ಪಿದರು. ಚಿತ್ರದ ಮೇಲೆ ಅವರಿಗೆ ಸಿಟ್ಟಿಲ್ಲ. ಸಿಟ್ಟು ಸಿಳ್ಳಿನ ಮೇಲೆ. ಅದರಲ್ಲಿಯೂ ತನ್ನ ಸಿಳ್ಳಿನ ಮೇಲೆ.

ಮಾಸ್ತರರು ತಲೆ ತಗ್ಗಿಸಿ ಕುಳಿತಿದ್ದರು. ಉಪ್ಪಿನಕಾಯಿಯ ದೃಶ್ಯ ಅವರಿಗೆ ಅಕ್ಷರಶಃ ನೆನಪಿತ್ತು. ತಾನು ಸಿಳ್ಳು ಹೊಡೆದದ್ದು ಮಾತ್ರ ಎಷ್ಟು ನೆನೆದರೂ ನೆನಪಾಗಲಿಲ್ಲ. ಹೊಡೆದಿಲ್ಲವೆನ್ನುವ ಧೈರ್ಯವೂ ಬರಲಿಲ್ಲ. ಕೊನೆಗೆ, “ಮೊನ್ನೆ ಆ ಹುಡುಗರ ಮುಂದ ಹಂಗ ಅನ್ನಬಾರದಿತ್ತು. ಕ್ಷಮಾ ಮಾಡೋ” ಎಂದರು. ಅಂಗಡಿಯವರು, “ಅದು ಅವತ್ತs ಆಗಿ ಹೋತು ಬಿಡು” ಎಂದರಾದರೂ, ಅದು ಅಂದೇ ಆಗಿ ಹೋಗಿರಲಿಲ್ಲವೆಂಬುದು ಮೂವರಿಗೂ ಗೊತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಮಾಸ್ತರರೊಳಗಿನ ವಿಮರ್ಶಕ ಎಚ್ಚೆತ್ತ. ಚಿತ್ರ ಭೂತಯ್ಯನ ಶವದ ಬಳಿ ಮುಗಿಯುವುದಿಲ್ಲವಲ್ಲ. ಹೆಸರೇ ಹೇಳುವಂತೆ ಅದು ಮಗನ ಕಥೆ. ಅಯ್ಯುವಿಗೂ ಗುಳ್ಳನಿಗೂ ಇದ್ದ ಹಗೆ ಕೊನೆಗೆ ಹೇಗೆ ಕರಗುತ್ತದೆ ಎಂಬುದರಲ್ಲಿಯೇ ಅದರ ಜೀವ ಇದೆ ಎಂದು ವಿವರಿಸತೊಡಗಿದರು.

“ಅದೇನೋ ನನಗ ಗೊತ್ತಿಲ್ಲ. ಆ ಸಿಳ್ಳಿನ ಮ್ಯಾಲೆ ಪಡದೇದ ಮ್ಯಾಲಿಂದು ಏನೂ ಕಾಣಲಿಲ್ಲ. ಆಮ್ಯಾಲೂ ನೋಡಿಲ್ಲ” ಎಂದರು ಅಂಗಡಿಯವರು. ಐವತ್ತು ವರ್ಷಗಳಿಂದ ಅವರ ಪಾಲಿಗೆ ಆ ಚಿತ್ರ ಅರ್ಧಕ್ಕೇ ನಿಂತಿತ್ತು.

ಮುಂದಿನ ಭಾನುವಾರ ಮಧ್ಯಾಹ್ನ ಮೊಮ್ಮಗನು ಚಿತ್ರವನ್ನು ಹುಡುಕಿ ಮನೆಯ ಟಿ.ವಿ.ಯಲ್ಲಿ ಹಾಕಿಕೊಟ್ಟನು. ಕುರ್ಚಿಗಳಿದ್ದವು. ಆದರೂ ರೈತರು ಚಾಪೆ ಹಾಸಿಸಿದರು. ಮೂವರೂ ನೆಲದ ಮೇಲೆಯೇ ಕುಳಿತರು, ಅಂಗಡಿಯವರು ನಡುವೆ.